ಗೋಡೆ ಕಟ್ಟುವ ಸಂಕೇತ

ಯಮನೂರಪ್ಪ ಅಂಗಿಯ ತೋಳು ಮೇಲೇರಿಸಿ ಓದುಯಂತ್ರದ ಮುಂದೆ ಕುಳಿತ. ಬಳೆಯಂಥ ಆ ಯಂತ್ರ ಅವನ ಎಡರಟ್ಟೆಯನ್ನು ಸುತ್ತಿಕೊಂಡು, ಚರ್ಮದ ಕೆಳಗೆ ಹುದುಗಿದ್ದ ಅಕ್ಕಿಕಾಳಿನಷ್ಟು ದೊಡ್ಡ ಗುಳಿಗೆಯಿಂದ ಮೂರು ಸೆಕೆಂಡು ಮಾಹಿತಿ ಪಡೆಯಿತು. ಎದುರಿನ ಪರದೆ ಹಸಿರಾಯಿತು. ಅವನು ಎದ್ದ ಜಾಗದಲ್ಲಿ ಮುಂದಿನವನು ಬಂದು ಕುಳಿತ. ಅವನದೂ ಹಸಿರು.

ಇಳಕಲ್ಲಿನ ಹೊರವಲಯದ ಆ ಗ್ರಾನೈಟ್ ಕಾರ್ಖಾನೆಯಲ್ಲಿ ಅಂದು ಬೆಳಿಗ್ಗೆ ಮುನ್ನೂರ ಹನ್ನೆರಡು ಜನರ ತೋಳು ಓದಿದ್ದಾಯಿತು. ಒಂದು ಸಲವೂ ಪರದೆ ಕೆಂಪಾಗಲಿಲ್ಲ. ಬಾಗಿಲ ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಡಾ. ಸಿಂಚನಾ ಬೇವೂರಳಿಗೆ ಒಳಗೊಳಗೇ ಹೆಮ್ಮೆಯೆನಿಸಿತು. ಆ ಗುಳಿಗೆ ಅವಳದು. ಹನ್ನೊಂದು ವರ್ಷ ಧಾರವಾಡದ ಪ್ರಯೋಗಾಲಯದಲ್ಲಿ ಕೂತು ಅವಳು ರೂಪಿಸಿದ್ದಕ್ಕೆ ‘ಸಮತೋಲ’ ಎಂದು ಹೆಸರಿಟ್ಟವಳೂ ಅವಳೇ. ಈಗ 2057. ಗುಳಿಗೆ ಜನರ ತೋಳು ಸೇರಿ ಎಂಟು ವರ್ಷವಾಗಿತ್ತು. ಮರುದಿನ ಇಳಕಲ್ಲಿನಲ್ಲಿ ದೊಡ್ಡ ಸಮಾರಂಭ. ಒಂದು ಕಾಲಕ್ಕೆ ಮನೆಗೊಬ್ಬರಂತೆ ಕ್ಷಯಕ್ಕೆ ಬಲಿಯಾಗುತ್ತಿದ್ದ ಈ ಕಲ್ಲುಸೀಮೆಯನ್ನು ಕ್ಷಯಮುಕ್ತವೆಂದು ಘೋಷಿಸುವವರಿದ್ದರು. ಮುಖ್ಯ ಅತಿಥಿಯಾಗಿ ಬಂದ ಸಿಂಚನಾ, ಓದು ಹೇಗೆ ನಡೆಯುತ್ತದೆಂದು ಕಣ್ಣಾರೆ ನೋಡಬೇಕೆಂದು ಒಂದು ದಿನ ಮೊದಲೇ ಬಂದಿದ್ದಳು.

ಸಮತೋಲ ಮಾಡುತ್ತಿದ್ದ ಕೆಲಸ ದೇಹ ತಾನಾಗಿಯೇ ಮಾಡುವ ಕೆಲಸವೇ. ಕ್ಷಯದ ಕ್ರಿಮಿ ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದಾಗ ಅದಕ್ಕೆ ಮೊದಲು ಎದುರಾಗುವುದು ಭಕ್ಷಕ ಕೋಶಗಳು. ಸಿಕ್ಕಿದ್ದನ್ನು ನುಂಗಿ ಅರಗಿಸುವುದು ಅವುಗಳ ಕಸುಬು. ಕ್ಷಯದ ಕ್ರಿಮಿಯನ್ನೂ ಅವು ನುಂಗುತ್ತವೆ, ಆದರೆ ಅರಗಿಸಲಾರವು. ಕ್ರಿಮಿ ಆ ಕೋಶದ ಹೊಟ್ಟೆಯೊಳಗೇ ಬಿಡಾರ ಹೂಡುತ್ತದೆ. ಆಗ ಕೋಶಗಳು ಒಂದನ್ನೊಂದು ಕೂಗಿ ಕರೆಯುತ್ತವೆ. ಕೂಗೆಂದರೆ ಸದ್ದಲ್ಲ, ಅವು ಹೊರಬಿಡುವ ಸೂಕ್ಷ್ಮ ಪ್ರೋಟೀನುಗಳು. ಆ ಕರೆಗೆ ಓಡಿಬಂದ ಟಿ-ಕೋಶಗಳು ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತ ಕೊಡುತ್ತವೆ. ನುಂಗಿದ್ದನ್ನು ಕೊಲ್ಲು ಎಂದು ಅದರ ಅರ್ಥ. ಟಿಎನ್‌ಎಫ್ ಎಂಬ ಇನ್ನೊಂದು ಸಂಕೇತ, ಎಲ್ಲರೂ ಸುತ್ತ ಸೇರಿ ಗೋಡೆ ಕಟ್ಟಿ ಎನ್ನುತ್ತದೆ. ಕೋಶಗಳು ಹೆಗಲಿಗೆ ಹೆಗಲು ಕೊಟ್ಟು ಕ್ರಿಮಿಯ ಸುತ್ತ ಗಂಟು ಕಟ್ಟುತ್ತವೆ. ಅದನ್ನು ವೈದ್ಯರು ಗ್ರಾನ್ಯುಲೋಮ ಎನ್ನುತ್ತಾರೆ. ಸಂಕೇತ ಕಡಿಮೆಯಾದರೆ ಗೋಡೆ ಕುಸಿದು ಕ್ರಿಮಿ ಹೊರಬರುತ್ತದೆ. ಹೆಚ್ಚಾದರೆ ಭಕ್ಷಕ ಕೋಶಗಳೇ ಸಿಡಿದು ಒಳಗಿನ ಕ್ರಿಮಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹತ್ತರಲ್ಲಿ ಒಂಬತ್ತು ದೇಹಗಳು ಈ ಹದವನ್ನು ಜೀವಮಾನವಿಡೀ ಕಾಯ್ದುಕೊಳ್ಳುತ್ತವೆ. ತಪ್ಪುವುದು ಹತ್ತನೆಯದು.

ಆ ಹತ್ತನೆಯವರಿಗಾಗಿ ಹುಟ್ಟಿದ್ದು ಸಮತೋಲ. ಗುಳಿಗೆಯೊಳಗಿನ ತೆಳುಪೊರೆಯ ಹಿಂದೆ ಪ್ರಯೋಗಾಲಯದಲ್ಲಿ ಪಳಗಿಸಿದ ಕೋಶಗಳಿದ್ದವು. ರಕ್ತದಲ್ಲಿ ಹರಿದಾಡುವ ಕರೆಗಳನ್ನು ಅವು ಸದಾ ಆಲಿಸುತ್ತಿದ್ದವು. ಗೋಡೆ ಕಟ್ಟುವ ಸಂಕೇತ ಕಡಿಮೆಯಾದರೆ ಸೇರಿಸುತ್ತಿದ್ದವು, ಉದ್ರೇಕ ಹೆಚ್ಚಾದರೆ ಶಾಂತಗೊಳಿಸುವ ಸಂಕೇತ ಬಿಡುತ್ತಿದ್ದವು. ರೋಗಿ ಏನನ್ನೂ ನೆನಪಿಡಬೇಕಿರಲಿಲ್ಲ. ಸಿಂಚನಾಳಿಗೆ ಮುಖ್ಯವಾಗಿದ್ದದ್ದು ಅದೇ. ಬಾಗಲಕೋಟೆಯ ಡಿಪೋದಲ್ಲಿ ಬಸ್ ಕಂಡಕ್ಟರನಾಗಿದ್ದ ಅವಳ ತಂದೆ ಕ್ಷಯದ ಮಾತ್ರೆಗಳನ್ನು ಮೂರು ಸಲ ಶುರುಮಾಡಿ ಮೂರು ಸಲವೂ ನಡುವೆ ಬಿಟ್ಟಿದ್ದ. ಅವಳಿಗೆ ಹತ್ತೊಂಬತ್ತಾಗಿದ್ದಾಗ ತೀರಿಕೊಂಡ.

ಓದು ಮುಗಿದು ಎಲ್ಲರೂ ಚಹಾಕ್ಕೆ ಹೊರಟಾಗ, ಬೆಳಗಿನಿಂದ ಯಂತ್ರ ಹಿಡಿದು ಕೂತಿದ್ದ ಆಶಾ ಕಾರ್ಯಕರ್ತೆ ಸಿಂಚನಾಳ ಹತ್ತಿರ ಬಂದಳು. ಅವಳ ಹೆಸರು ಮಾಬುಬಿ ನದಾಫ. ಅರವತ್ತರ ಹತ್ತಿರದ ಹೆಂಗಸು. ಊರವರೆಲ್ಲ ಮಾಬವ್ವ ಎನ್ನುತ್ತಿದ್ದರು.

“ಡಾಕ್ಟರ್ ಬಾಯಾರ, ಒಂದೀಟು ಈ ಕಡೆ ಬರ್ತೀರೇನ್ರಿ? ನಿಮಗೊಂದು ಮಾತು ಹೇಳೂದೈತಿ.”

ಇಬ್ಬರೂ ಸ್ಲ್ಯಾಬುಗಳ ರಾಶಿಯ ಮರೆಗೆ ಹೋದರು. ಮಾಬುಬಿ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

“ಈ ಮಷಿನ್ನಿಗೆ ಸತ್ತವರೂ ಹಸಿರs ಕಾಣ್ತಾರ್ರಿ.”

“ಅಂದ್ರ?”

“ಹನಮಂತ ಅಂತ ಒಬ್ಬಾವ ಇದ್ದ. ಮೂವತ್ತೆಂಟು ವರ್ಷದಾವ. ಓದೂ ದಿನಾನ ತೀರಿಕೊಂಡ. ನಾನು ಅವನ ಮನಿಗೆ ಹೋದಾಗ ಹೆಣಾ ಇನ್ನ ಬೆಚ್ಚಗಿತ್ತು. ಯಾಕೋ ಏನೋ, ತೋಳಿಗೆ ಬಳಿ ಹಾಕಿ ನೋಡಿದೆ. ಹಸಿರು ಬಂತ್ರಿ.”

ಗುಳಿಗೆಯ ಕೋಶಗಳು ಒಡೆಯ ಸತ್ತ ಮೇಲೂ ಕೆಲವು ತಾಸು ಬದುಕಿರುತ್ತವೆ ಎಂದು ಸಿಂಚನಾ ವಿವರಿಸಿದಳು. ಮಾಬುಬಿ ತಲೆಯಾಡಿಸಿ ಕೇಳಿಸಿಕೊಂಡಳು. ಆಮೇಲೆ ಹದಿನಾಲ್ಕು ತಿಂಗಳಲ್ಲಿ ಹೀಗೆ ಹೋದವರು ಒಂಬತ್ತು ಜನ ಎಂದಳು. ಎಲ್ಲರೂ ಐವತ್ತರ ಒಳಗಿನವರು. ಎಲ್ಲರ ಚೀಟಿಯಲ್ಲೂ ಹೃದಯ ನಿಂತು ಸಾವು ಎಂದು ಬರೆದಿತ್ತು.

“ಎದಿ ಎಲ್ಲಾರದೂ ನಿಂತs ನಿಂದರತೈತಲ್ರಿ ಕಡೀಕ. ಯಾಕ ನಿಂತ್ತು ಅಂತ ಯಾರೂ ಕೇಳಲಿಲ್ಲ.”

“ಕೆಮ್ಮು? ಜ್ವರ? ತೂಕ ಇಳಿಯೋದು?”

“ಏನೂ ಇಲ್ರಿ. ಅದs ನನಗ ಅಂಜಿಕಿ. ಮೊದಲ ಈ ಊರಾಗ ಕಲ್ಲು ಕೊಯ್ಯಾವ ಅಂದ್ರ ಕೆಮ್ಮಾವs ಇದ್ದ. ಈಗ ಓಣ್ಯಾಗ ಒಂದ ಕೆಮ್ಮಿನ ಸದ್ದಿಲ್ಲ. ಸುಮ್ಮನ ನಡಕೋತ ಹೋಗಾವ ಕೂಡ್ತಾನ, ಕೂತಾವ ಏಳಂಗಿಲ್ಲ.” ಅವಳು ಅತ್ತ ಚಹಾ ಕುಡಿಯುತ್ತಿದ್ದ ಯಮನೂರಪ್ಪನನ್ನು ಕರೆದಳು. “ಬಾರೋ ತಮ್ಮಾ. ಒಂದs ಉಸುರಿನ್ಯಾಗ ಎಣಸು.”

ಯಮನೂರಪ್ಪ ನಗುತ್ತಲೇ ಬಂದ. ನಲವತ್ತೊಂದು ವರ್ಷದ ಎತ್ತರದ ಆಳು. ಉಸಿರೆಳೆದುಕೊಂಡು ಒಂದರಿಂದ ಎಣಿಸತೊಡಗಿದ. ಆರೋಗ್ಯವಂತರು ಮೂವತ್ತೈದು, ನಲವತ್ತರವರೆಗೆ ಹೋಗುತ್ತಾರೆ. ಅವನು ಹನ್ನೊಂದಕ್ಕೆ ನಿಂತ. ಮೊಣಕಾಲ ಮೇಲೆ ಕೈಯೂರಿ ಬಾಗಿ, ಸ್ವಲ್ಪ ಹೊತ್ತು ನೆಲ ನೋಡಿದ.

“ಹೋದ ವರ್ಷ ಇಪ್ಪತ್ತಾರು ಎಣಿಸಿದ್ದ” ಎಂದಳು ಮಾಬುಬಿ.

ಆ ಕಾರ್ಖಾನೆಯಲ್ಲಿ ಮೊದಲು ಗುಳಿಗೆ ಹಾಕಿಸಿಕೊಂಡವನು ಯಮನೂರಪ್ಪನೇ. ಎಂಟು ವರ್ಷದ ಹಿಂದೆ ಉಳಿದವರು ಹೆದರಿ ಹಿಂದೆ ಸರಿದಾಗ, ಏನಾಕ್ಕೈತಿ ಹಾಕ್ರಿ ಎಂದು ತೋಳು ಮುಂದೆ ಮಾಡಿದ್ದ. ಸಿಂಚನಾಳೇ ಅವನಿಗೆ ಸೂಜಿ ಹಾಕಿದ್ದಳು. ಅವನಿಗೆ ಅದು ನೆನಪಿತ್ತು. ಇವಳಿಗೆ ನೆನಪಾಗಲು ತುಸು ಹೊತ್ತು ಹಿಡಿಯಿತು.

ಮರುದಿನದ ಸಮಾರಂಭಕ್ಕೆ ಅವಳು ಹೋಗಲಿಲ್ಲ. ಯಮನೂರಪ್ಪನನ್ನೂ ಎಣಿಕೆ ಕಡಿಮೆಯಿದ್ದ ಇನ್ನೂ ಮೂವರನ್ನೂ ಕರೆದುಕೊಂಡು ಧಾರವಾಡದ ಹಾದಿ ಹಿಡಿದಳು.

ಶ್ವಾಸಕೋಶದ ಚಿತ್ರ ಪರದೆಯ ಮೇಲೆ ಮೂಡಿದಾಗ ಅವಳ ಸಹಾಯಕರು ಯಂತ್ರ ಕೆಟ್ಟಿದೆಯೆಂದು ಭಾವಿಸಿದರು. ಗಾಳಿ ತುಂಬಿ ಕಪ್ಪಗೆ ಕಾಣಬೇಕಾದ ಕಡೆಯೆಲ್ಲ ಬೆಳ್ಳಗಿತ್ತು. ಜೋಳದ ಕಾಳು ಚೆಲ್ಲಿದಂತೆ ಸಾವಿರಾರು ಗಂಟುಗಳು. ಮೇಲ್ಭಾಗದಲ್ಲಿ ಅವು ಒಂದಕ್ಕೊಂದು ಕೂಡಿ ಮುಷ್ಟಿಗಾತ್ರದ ಗಡ್ಡೆಗಳಾಗಿದ್ದವು. ನಾಲ್ವರದೂ ಹಾಗೆಯೇ. ಯಮನೂರಪ್ಪನದು ಎಲ್ಲರಿಗಿಂತ ಕೆಟ್ಟದು.

ಗಂಟಲ ಮೂಲಕ ಕೊಳವೆ ಇಳಿಸಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತ ಅವಳು ಎರಡು ದಿನ ಕೂತಳು. ಗಂಟುಗಳಲ್ಲಿ ಕೆಲವುಗಳ ಒಳಗೆ ಮಾತ್ರ ಕ್ಷಯದ ಕ್ರಿಮಿಯಿತ್ತು. ಉಳಿದವುಗಳ ಒಳಗಿದ್ದದ್ದು ಕಲ್ಲು. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಕಲ್ಲಿನ ಪುಡಿ.

ಅವಳಿಗೆ ನಡೆದದ್ದೆಲ್ಲ ಆಗ ಅರ್ಥವಾಯಿತು. ಭಕ್ಷಕ ಕೋಶಗಳು ಕ್ರಿಮಿಯನ್ನು ನುಂಗುವಂತೆಯೇ ಕಲ್ಲಿನ ಕಣವನ್ನೂ ನುಂಗುತ್ತವೆ. ಕಣ ಅರಗುವುದಿಲ್ಲ, ಸಾಯುವುದೂ ಇಲ್ಲ. ಸಾಯುವುದು ಕೋಶ. ಸಾಯುವಾಗ ಅದು ಕ್ರಿಮಿ ಹೊಕ್ಕಾಗ ಕೂಗುವಂತೆಯೇ ಕೂಗುತ್ತದೆ. ತೋಳಿನಲ್ಲಿದ್ದ ಗುಳಿಗೆ ಆ ಕೂಗನ್ನು ಆಲಿಸಿ, ಗೋಡೆ ಕಟ್ಟಿ ಎಂದಿತು. ಕೋಶಗಳು ಕಟ್ಟಿದವು. ಮತ್ತೆ ಧೂಳು ಬಂತು, ಮತ್ತೆ ಕೂಗೆದ್ದಿತು, ಮತ್ತೆ ಗೋಡೆ ಎದ್ದಿತು. ಉದ್ರೇಕ ಹೆಚ್ಚಾದಾಗಲೆಲ್ಲ ಗುಳಿಗೆ ಶಾಂತಗೊಳಿಸುವ ಸಂಕೇತ ಬಿಟ್ಟಿತು. ಆ ಸಂಕೇತಕ್ಕೆ ಇನ್ನೊಂದು ಕೆಲಸವೂ ಇತ್ತು: ಗಾಯ ಮಾಯಲು ನಾರು ಹೊಸೆಯುವುದು. ಹಾಗೆ ಎಂಟು ವರ್ಷ ಅದು ನಾರು ಹೊಸೆಯುತ್ತಲೇ ಇತ್ತು. ಜ್ವರ ಬರಗೊಡಲಿಲ್ಲ, ಕೆಮ್ಮು ಬರಗೊಡಲಿಲ್ಲ. ಮೊದಲಾಗಿದ್ದರೆ ಕಲ್ಲುಕೊಯ್ಯುವವನು ಎರಡು ಮೂರು ವರ್ಷಕ್ಕೇ ಕೆಮ್ಮಿ, ಜ್ವರ ಬಂದು, ಕೆಲಸ ಬಿಟ್ಟು ಮನೆಗೆ ಹೋಗುತ್ತಿದ್ದ. ರೋಗಿಯಾಗಿಯಾದರೂ ಧೂಳಿನಿಂದ ದೂರವಾಗುತ್ತಿದ್ದ. ಈಗ ಅವನಿಗೆ ಮನೆಗೆ ಹೋಗು ಎಂದು ಹೇಳುವವರು ದೇಹದೊಳಗೆ ಯಾರೂ ಉಳಿದಿರಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಇಷ್ಟು ಧೂಳು ಎಲ್ಲಿಂದ ಬಂತು? ಅವಳು ಓದಿದ್ದ ಪ್ರಕಾರ ಕಾರ್ಖಾನೆಯ ಗರಗಸಗಳು ನೀರು ಸುರಿದುಕೊಂಡೇ ಕಲ್ಲು ಕೊಯ್ಯಬೇಕಿತ್ತು. ಆ ವಾರವೇ ಮತ್ತೆ ಇಳಕಲ್ಲಿಗೆ ಹೋದಳು. ಈ ಸಲ ಓದಿನ ಕೋಣೆಯಲ್ಲಿ ನಿಲ್ಲದೆ ನೇರವಾಗಿ ಕೊಯ್ಯುವ ಅಂಗಳಕ್ಕೆ ನಡೆದಳು. ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಕೆಂಪು ಮಂಜಿನೊಳಗೆ ಜನ ನೆರಳಿನಂತೆ ಓಡಾಡುತ್ತಿದ್ದರು.

ವ್ಯವಸ್ಥಾಪಕ ಸೌಜನ್ಯದ ಮನುಷ್ಯ. ತನ್ನ ಕೋಣೆಗೆ ಕರೆದು ಕೂಡಿಸಿ, ಎಲ್ಲವನ್ನೂ ಹೇಳಿದ. ಇವು ಒಣ ಬ್ಲೇಡುಗಳು, ಆರು ವರ್ಷದ ಹಿಂದೆ ಬಂದವು. ನೀರು ಬೇಡ, ನೀರು ಬೇಡವಾದ್ದರಿಂದ ಕೆಸರಿಲ್ಲ, ಹಳೆಯ ಬ್ಲೇಡಿಗಿಂತ ಎರಡು ಪಟ್ಟು ವೇಗ.

“ಇದಕ್ಕ ಅನುಮತಿ ಕೊಟ್ಟಾವರು ಯಾರು?” ಸಿಂಚನಾಳ ದನಿ ಏರಿತ್ತು. “ಈ ಧೂಳಿನ್ಯಾಗ ಮನಷ್ಯಾರನ್ನ ನಿಲ್ಲಸ್ತೀರೇನು?”

ಅವನು ಕಕ್ಕಾಬಿಕ್ಕಿಯಾಗಿ ಅವಳ ಮುಖ ನೋಡಿದ.

“ನೀವs ಬರದುಕೊಟ್ಟೀರಲ್ರಿ ಮೇಡಂ?”

ಕಪಾಟಿನಿಂದ ಒಂದು ಕಡತ ತೆಗೆದು ಅವಳ ಮುಂದಿಟ್ಟ. ಮೊದಲ ಪುಟ ಇಲಾಖೆಯ ಆದೇಶ. ಒಣ ಬ್ಲೇಡಿಗೆ ಮೊದಮೊದಲು ಅನುಮತಿ ಸಿಕ್ಕಿರಲಿಲ್ಲ; ಧೂಳಿನಿಂದ ಕ್ಷಯ ಹೆಚ್ಚುತ್ತದೆಂಬುದೇ ಅಡ್ಡಿಯಾಗಿತ್ತು. ಆಮೇಲೆ ತಜ್ಞರನ್ನು ಕೇಳಿದರು. ಸಮತೋಲ ಹಾಕಿಸಿಕೊಂಡು ಹಸಿರು ತೋರುವ ಕಾರ್ಮಿಕರಿಗೆ ಎದೆಯ ವಾರ್ಷಿಕ ಎಕ್ಸ್-ರೇಯಾಗಲಿ, ಕ್ಷಯದ ದೃಷ್ಟಿಯಿಂದ ಧೂಳಿನ ಅಳತೆಯಾಗಲಿ ಇನ್ನು ಮುಂದೆ ಬೇಕೇ? ಉತ್ತರದ ಪುಟದಲ್ಲಿ ಒಂದೇ ಪದವಿತ್ತು. ಅಗತ್ಯವಿಲ್ಲ. ಕೆಳಗೆ ಅವಳ ಸಹಿ.

ಸಹಿ ಹಾಕಿದ ದಿನ ಅವಳಿಗೆ ನೆನಪಾಯಿತು. ಎರಡು ಸಭೆಗಳ ನಡುವೆ, ಕಾರಿನ ಬಾಗಿಲು ತೆರೆದಿಟ್ಟುಕೊಂಡು, ಮೊಣಕಾಲ ಮೇಲೆ ಕಾಗದವಿಟ್ಟು ಬರೆದಿದ್ದಳು. ಕೇಳಿದ್ದ ಪ್ರಶ್ನೆಗೆ ಆ ಉತ್ತರ ತಪ್ಪಾಗಿರಲಿಲ್ಲ. ಕ್ಷಯದ ದೃಷ್ಟಿಯಿಂದ ಕೇಳಿದ್ದರು, ಕ್ಷಯದ ದೃಷ್ಟಿಯಿಂದ ಹೇಳಿದ್ದಳು. ಧೂಳಿಗೆ ಬೇರೆ ದೃಷ್ಟಿಯೂ ಇರುತ್ತದೆಂದು ಕೇಳಿದವರಿಗೂ ಹೊಳೆಯಲಿಲ್ಲ, ಹೇಳಿದವಳಿಗೂ ಹೊಳೆಯಲಿಲ್ಲ. ಇಲ್ಲ, ಹೊಳೆದಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಪೆನ್ನು ಒಂದು ಕ್ಷಣ ತಡೆದಿತ್ತು. ಸಭೆಗೆ ಹೊತ್ತಾಗಿತ್ತು.

ಧಾರವಾಡಕ್ಕೆ ಮರಳಿ ಅವಳು ಯಮನೂರಪ್ಪನನ್ನೂ ಅವನ ಹೆಂಡತಿ ರೇಣವ್ವನನ್ನೂ ಎದುರಿಗೆ ಕೂಡಿಸಿಕೊಂಡಳು. ಏನನ್ನೂ ಮುಚ್ಚಿಡದೆ ಹೇಳಿದಳು. ಸಹಿಯ ವಿಷಯವನ್ನೂ ಹೇಳಿದಳು. ರೇಣವ್ವನ ಮುಖ ಬಿಗಿಯಾಯಿತು.

“ಈಗ ಎರಡು ಹಾದಿ ಅದಾವು” ಎಂದಳು ಸಿಂಚನಾ. “ಗುಳಿಗಿ ಇದ್ದಂಗs ಬಿಟ್ರ ಗೋಡಿ ಬೆಳಕೋತ ಹೋಗ್ತಾವು. ಒಂದು ವರ್ಷ, ಭಾಳಂದ್ರ ಒಂದೂವರಿ ವರ್ಷ. ಉಸಿರು ಕಡಿಮಿ ಆಕ್ಕೋತ ಹೋಗತೈತಿ. ಇನ್ನೊಂದು, ಗುಳಿಗಿ ಸಂಕೇತಾನ ನಿಧಾನಕ್ಕ ಇಳಸೂದು. ಗೋಡಿ ಸಡ್ಲ ಆಗ್ತಾವು. ಆದ್ರ ಒಳಗಿನ ಕ್ರಿಮಿ ಹೊರಗ ಬರತಾವು. ಬಂದಾವನ್ನ ಮಾತ್ರಿ ಕೊಟ್ಟು ಕೊಲ್ಲಬೇಕು. ಇದನ್ನ ಈವರೆಗೂ ಯಾರೂ ಮಾಡಿಲ್ಲ.”

“ಕಲ್ಲು?” ಯಮನೂರಪ್ಪ ಕೇಳಿದ. “ಕಲ್ಲಿನ ಪುಡಿ ಹೊರಗ ಬರತೈತೇನ್ರಿ?”

“ಇಲ್ಲ. ಅದು ಬರಂಗಿಲ್ಲ. ಆದ್ರ ಉಳದ ಜಾಗಾ ಉಳೀತೈತಿ.”

ರೇಣವ್ವ ಕೇಳಿದಳು. “ನಿಮ್ಮ ಒಡಹುಟ್ಟಿದಾವ ಆಗಿದ್ರ ಏನು ಮಾಡ್ತಿದ್ರಿ?”

ಸಿಂಚನಾ ಅವಳ ಕಡೆ ತಿರುಗಿದಳು. “ಇಳಸ್ತಿದ್ದೆ” ಎಂದಳು. “ಅಂಜಿಕೋತ ಇಳಸ್ತಿದ್ದೆ.”

“ಹಂಗಾರ ಇಳಸ್ರಿ” ಎಂದ ಯಮನೂರಪ್ಪ. “ನನ್ನ ಮೈಯಾಗ ಏನ ನಡದೈತಿ ಅನ್ನೂದು ನನಗರ ಗೊತ್ತಾಗಲಿ. ಎಂಟ ವರ್ಷ ಆತು, ಮೈ ನನ್ನ ಕೂಡ ಮಾತಾಡಿಲ್ಲ.”

ನಾಲ್ವರಿಗೂ ಒಂದೇ ವಾರ್ಡು. ಓದುಯಂತ್ರದ ಮೂಲಕ ಗುಳಿಗೆಗೆ ಆದೇಶ ಕೊಟ್ಟು, ದಿನಕ್ಕೆ ನೂರರಲ್ಲಿ ಒಂದು ಪಾಲಿನಂತೆ ಅವಳು ಸಂಕೇತ ಇಳಿಸುತ್ತ ಬಂದಳು. ಜೊತೆಗೆ ನಾಲ್ಕು ಬಗೆಯ ಹಳೆಯ ಮಾತ್ರೆಗಳು. ಅವುಗಳನ್ನು ತಯಾರಿಸುವವರೇ ಕಡಿಮೆಯಾಗಿದ್ದರಿಂದ ಹುಡುಕಿ ತರಿಸಬೇಕಾಯಿತು. ಮಾಬುಬಿ ತಾನಾಗಿಯೇ ಬಂದು ವಾರ್ಡಿನಲ್ಲಿ ನಿಂತಳು. ದಿನಾ ಬೆಳಿಗ್ಗೆ ಒಬ್ಬೊಬ್ಬರ ಹಾಸಿಗೆಯ ಪಕ್ಕ ಕೂತು ಒಂದೇ ಉಸಿರಿನ ಎಣಿಕೆ ಮಾಡಿಸುತ್ತಿದ್ದಳು.

ಒಂಬತ್ತನೆಯ ದಿನ ಯಮನೂರಪ್ಪನಿಗೆ ಜ್ವರ ಬಂತು. ಹದಿಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವನು ಕೆಮ್ಮಿದ. ಗಂಟಲು ಸರಿಮಾಡಿಕೊಳ್ಳುವಂಥ ಸಣ್ಣ ಕೆಮ್ಮು, ಅದರ ಬೆನ್ನಿಗೆ ಎದೆಯಾಳದಿಂದ ಒಂದು ದೊಡ್ಡದು. ವಾರ್ಡಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಆಮೇಲೆ ಪಕ್ಕದ ಹಾಸಿಗೆಯವನು ನಗಲು ಶುರುಮಾಡಿದ, ಎಲ್ಲರೂ ನಕ್ಕರು. ಯಮನೂರಪ್ಪನೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. “ಕೇಳಿದೇನ?” ಎಂದು ಹೆಂಡತಿಯನ್ನು ಕೇಳಿದ. “ಬಂತು ನೋಡು.” ಸಿಂಚನಾಳೂ ನಕ್ಕಳು. ಕೆಮ್ಮು ಬಂದದ್ದು ಚಲೋ ಆತು, ಇನ್ನ ಔಷಧಿಗೆ ಕೆಲಸ ಸಿಗತೈತಿ ಎಂದಳು.

ನಿಜಕ್ಕೂ ಕೆಲಸ ನಡೆಯಿತು. ನಾಲ್ಕನೆಯ ವಾರಕ್ಕೆ ಅವನು ಹದಿನೇಳರವರೆಗೆ ಎಣಿಸಿದ. ಐದನೆಯ ವಾರ ವರಾಂಡದ ಉದ್ದಕ್ಕೂ ನಿಲ್ಲದೆ ನಡೆದು ಬಂದ. ಊರಿಗೆ ಹೋದ ಮೇಲೆ ಏನು ಮಾಡುವುದೆಂಬ ಮಾತೂ ಬಂತು. ಕಲ್ಲಿನ ಕೆಲಸ ಬೇಡ, ಕುರಿ ಸಾಕೋಣವೆಂದು ರೇಣವ್ವ ಹೇಳಿದಳು. ಕುರಿಯ ಹಿಂದೆ ಓಡಲು ಇಪ್ಪತ್ತೈದಾದರೂ ಎಣಿಸಬೇಕು, ಅಲ್ಲಿಯವರೆಗೆ ಕೋಳಿ ಸಾಕುತ್ತೇನೆಂದು ಅವನು ಚೇಷ್ಟೆ ಮಾಡಿದ.

ಆರನೆಯ ವಾರದ ಬುಧವಾರ ಬೆಳಿಗ್ಗೆ ಎಂಟೂವರೆಗೆ ಅವನು ಕಿಟಕಿಯ ಬಳಿ ನಿಂತು ಚಹಾ ಕುಡಿಯುತ್ತಿದ್ದ. ಸಿಂಚನಾ ಮೂರನೆಯ ಹಾಸಿಗೆಯ ಹತ್ತಿರ ಇದ್ದಳು. ಅವನು ಕೆಮ್ಮಿದ್ದು ಕೇಳಿಸಿತು. ಕೆಮ್ಮಿನ ಸದ್ದು ಬೇರೆಯಾಗಿತ್ತು. ಅವಳು ತಿರುಗುವಷ್ಟರಲ್ಲಿ ಕಿಟಕಿಯ ಗಾಜು, ಗೋಡೆ, ಅವನ ಬಿಳಿ ಬನಿಯನ್ನು ಎಲ್ಲ ಕೆಂಪಾಗಿತ್ತು. ಗಟ್ಟಿ ಗಡ್ಡೆಯೊಂದು ಕರಗುವಾಗ ಅದಕ್ಕೆ ಅಂಟಿಕೊಂಡಿದ್ದ ರಕ್ತನಾಳ ಹರಿದಿತ್ತು. ಹಾಗಾಗಬಹುದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಯಾವ ಗಡ್ಡೆ, ಯಾವ ದಿನ ಎಂದು ಹೇಳುವ ವಿದ್ಯೆ ಅವಳಲ್ಲಿರಲಿಲ್ಲ. ಅವಳೂ ಇಬ್ಬರು ನರ್ಸುಗಳೂ ಅವನನ್ನು ಮಗ್ಗುಲಾಗಿ ಮಲಗಿಸಿ, ಕೊಳವೆ ಇಳಿಸಿ, ತಿಳಿದದ್ದನ್ನೆಲ್ಲ ಮಾಡಿದರು. ನಾಲ್ಕು ನಿಮಿಷದಲ್ಲಿ ಎಲ್ಲ ಮುಗಿಯಿತು. ಮಾಬುಬಿ ಅವನ ಕೈಯಿಂದ ಬಿದ್ದ ಲೋಟವನ್ನು ಎತ್ತಿಕೊಂಡು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದಳು.

ರೇಣವ್ವ ಅಳಲಿಲ್ಲ. ಶವ ಸಾಗಿಸುವ ಗಾಡಿ ಹತ್ತುವ ಮುಂಚೆ ಸಿಂಚನಾಳ ಹತ್ತಿರ ಬಂದು ನಿಂತಳು.

“ಕೆಮ್ಮು ಬಂತು, ಚಲೋ ಆತು ಅಂದಿದ್ರಿ.”

ಅಷ್ಟೇ ಹೇಳಿ ಗಾಡಿ ಹತ್ತಿದಳು.

ಉಳಿದ ಮೂವರಲ್ಲಿ ಇಬ್ಬರು ಚೇತರಿಸಿಕೊಂಡರು. ಒಬ್ಬ ಆಮ್ಲಜನಕದ ಕೊಳವೆಯೊಂದಿಗೇ ಮನೆಗೆ ಹೋದ.

ವಿಚಾರಣೆ ಮೂರು ತಿಂಗಳ ನಂತರ ನಡೆಯಿತು. ಸಮಿತಿಯಲ್ಲಿ ಐದು ಜನ. ಅವರಲ್ಲಿ ಇಬ್ಬರು ಸಿಂಚನಾಳ ಗುರುಗಳೇ. ಯಾರೂ ಅವಳನ್ನು ಗದರಿಸಲಿಲ್ಲ. ಅಧ್ಯಕ್ಷರು ಮೆತ್ತಗೆ ಕೇಳಿದರು:

“ಸಮತೋಲದಿಂದ ವರ್ಷಕ್ಕೆ ಎಷ್ಟು ಜೀವ ಉಳಿದಿವೆ ಅನ್ನೋದು ನಿಮಗೆ ಗೊತ್ತಲ್ಲ ಡಾಕ್ಟರ್?”

“ಗೊತ್ತಿದೆ. ಸಾವಿರಾರು. ಅದು ಸುಳ್ಳಲ್ಲ. ಧೂಳಿಲ್ಲದ ಕಡೆ ಇರುವವರಿಂದ ಗುಳಿಗೆ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ.”

“ಹಾಗಾದರೆ ಸಾಧನದಲ್ಲಿ ದೋಷ ಇಲ್ಲ ಅಂತಾಯಿತು.”

“ಇಲ್ಲ. ಗೋಡೆ ಕಟ್ಟು ಅಂತ ಅದಕ್ಕೆ ಕಲಿಸಿದೆವು, ಕಟ್ಟಿತು. ದೋಷ ಇರುವುದು ಈ ಕಾಗದದಲ್ಲಿ.” ಅವಳು ತನ್ನ ಸಹಿಯ ಪುಟವನ್ನು ಮೇಜಿನ ಮೇಲಿಟ್ಟಳು. “ಹಸಿರು ದೀಪ ಹೇಳೋದು ಒಂದೇ ಮಾತು, ಕ್ರಿಮಿ ಹೊರಗೆ ಬಂದಿಲ್ಲ ಅಂತ. ಈ ಮನುಷ್ಯ ಆರೋಗ್ಯವಾಗಿದ್ದಾನೆ ಅಂತ ಅದು ಎಂದೂ ಹೇಳಲಿಲ್ಲ. ಹಾಗೆ ಓದಿಕೊಂಡವರು ನಾವು. ಓದಿಕೊಳ್ಳಿ ಅಂತ ಬರೆದುಕೊಟ್ಟವಳು ನಾನು.”

ಸದಸ್ಯರೊಬ್ಬರು ಆ ಕಾರ್ಮಿಕರ ದೇಹಪ್ರಕೃತಿಯೇ ದುರ್ಬಲವಾಗಿತ್ತೇ ಎಂದು ಕೇಳಿದರು. ದುರ್ಬಲರನ್ನು ಕಲ್ಲು ಹೊರಲು ಯಾರೂ ಕರೆಯುವುದಿಲ್ಲ ಎಂದು ಸಿಂಚನಾ ಹೇಳಿದಳು.

ತೀರ್ಪು ಅರೆಮನಸ್ಸಿನದಾಗಿತ್ತು. ಹೆಚ್ಚಿನ ಅಧ್ಯಯನ ಆಗುವವರೆಗೆ ಆ ಒಂದು ಜಿಲ್ಲೆಯಲ್ಲಿ ಮಾತ್ರ ಒಣ ಬ್ಲೇಡು ನಿಷೇಧ. ಉಳಿದ ಜಿಲ್ಲೆಗಳಿಗೆ ‘ಎಚ್ಚರ ವಹಿಸತಕ್ಕದ್ದು’ ಎಂಬ ಸುತ್ತೋಲೆ. ಕ್ಷಯಮುಕ್ತ ಘೋಷಣೆ ಹಾಗೆಯೇ ಉಳಿಯಿತು, ಏಕೆಂದರೆ ಸತ್ತವರಾರೂ ಲೆಕ್ಕದ ಪ್ರಕಾರ ಕ್ಷಯದಿಂದ ಸತ್ತಿರಲಿಲ್ಲ. ಇಳಕಲ್ಲಿನ ಕೆಲವು ಯುವಕರು ವೇಗದ ಬ್ಲೇಡುಗಳ ಬೆನ್ನುಹತ್ತಿ ಬೇರೆ ಜಿಲ್ಲೆಗಳಿಗೆ ಹೊರಟುಹೋದರು, ತೋಳಿನಲ್ಲಿ ಗುಳಿಗೆ ಇಟ್ಟುಕೊಂಡೇ. ಮಾಬುಬಿ ಬಸ್ ನಿಲ್ದಾಣದಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿ ನೋಡಿದಳು. ಇಬ್ಬರು ಮಾತ್ರ ಹಿಂದಿರುಗಿದರು.

ಆದೇಶ ಜಾರಿಗೆ ಬಂದ ದಿನ ಕಾರ್ಖಾನೆಗೆ ಧೂಳು ಅಳೆಯುವ ಇನ್‌ಸ್ಪೆಕ್ಟರ್ ಬಂದ. ಸಿಂಚನಾಳೂ ಹೋಗಿದ್ದಳು. ಧೂಳುಮಾಪಕ ಬಳಸಲು ಇನ್‌ಸ್ಪೆಕ್ಟರನ ಕಚೇರಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಉಗ್ರಾಣದಲ್ಲಿ ಹುಡುಕಿದಾಗ ಅದರ ಪೆಟ್ಟಿಗೆಯಲ್ಲಿ ಒಂದು ಮಾಸಲು ಕೈಪಿಡಿಯೂ ಸಿಕ್ಕಿತ್ತು. ಮೂವತ್ತೈದು ವರ್ಷದ ಹಿಂದೆ ಅಚ್ಚಾದದ್ದು. ಸಿಂಚನಾ ಪುಟ ತಿರುವಿದಳು. ಕಲ್ಲನ್ನು ಒದ್ದೆ ಮಾಡಿಯೇ ಕೊಯ್ಯಬೇಕು. ಗಾಳಿ ಹೊರಗೆಳೆಯುವ ಫ್ಯಾನು ಇರಬೇಕು. ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ ಆಗಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆಯಾಗಬೇಕು, ರೋಗವಿದ್ದರೆ ಪೂರ್ತಿ ಅವಧಿ ಮಾತ್ರೆ ಮತ್ತು ಒಳ್ಳೆಯ ಊಟ. ಅದು ಅಚ್ಚಾದಾಗ ಅವಳು ಬಾಗಲಕೋಟೆಯಲ್ಲಿ ಐದನೆಯ ಇಯತ್ತೆ ಓದುತ್ತಿದ್ದಳು; ಅದರಲ್ಲಿದ್ದ ನಿಯಮಗಳು ಅದಕ್ಕೂ ಎಷ್ಟೋ ಹಳೆಯವು.

ಅಂಗಳದಲ್ಲಿ ಹಳೆಯ ಬ್ಲೇಡು ಜೋಡಿಸಿ ಆಗಿತ್ತು. ಒಬ್ಬ ಕೆಲಸಗಾರ ನಲ್ಲಿ ತಿರುಗಿಸಿದ. ಬ್ಲೇಡಿನ ಎರಡೂ ಬದಿಗೆ ನೀರು ಧಾರೆಯಾಗಿ ಬಿತ್ತು. ಗರಗಸ ಕೆಂಪು ಕಲ್ಲಿನೊಳಗೆ ಇಳಿಯಿತು. ಕೆಂಪು ನೀರು ಕಾಲುವೆಗುಂಟ ಹರಿದುಹೋಯಿತು. ಗಾಳಿಯಲ್ಲಿ ಏನೂ ಏಳಲಿಲ್ಲ. ಅಂಗಳದ ಆಚೆ ಬದಿಯ ಬೇವಿನ ಮರ, ಅದರಾಚೆಯ ರಸ್ತೆ, ರಸ್ತೆಯ ಮೇಲಿನ ಜನ ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

ಗಂಡನ ಹೆಸರಿನ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಕೊಡಲು ಬಂದಿದ್ದ ರೇಣವ್ವ ಕಾರ್ಖಾನೆಯ ಕಚೇರಿಯಿಂದ ಇಳಿದು ಬಂದವಳು ಅಲ್ಲೇ ನಿಂತಳು. ನೀರು ಬೀಳುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸಿಂಚನಾಳ ಕಡೆ ತಿರುಗದೆಯೇ ಕೇಳಿದಳು.

“ಇಷ್ಟs ಇತ್ತೇನ್ರಿ?”

“ಇಷ್ಟs ಇತ್ತವಾ.”

“ಯಾವಾಗಿಂದ ಗೊತ್ತಿತ್ತು?”

ಸಿಂಚನಾ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದಳು.

“ನೀನೂ ನಾನೂ ಹುಟ್ಟೂದಕ್ಕ ಮೊದಲs ಗೊತ್ತಿತ್ತು.”

ರೇಣವ್ವ ಬಾಗಿ, ಹರಿಯುವ ಆ ಕೆಂಪು ನೀರಿಗೆ ಕೈಯೊಡ್ಡಿ, ಹೆಬ್ಬೆಟ್ಟಿನ ಮಸಿಯನ್ನು ತಿಕ್ಕಿ ತೊಳೆದುಕೊಂಡು, ರಸ್ತೆಯ ಕಡೆ ನಡೆದಳು.